ಸಂಘದ ಕಡತ ಸಂಘದ ಕೈಯಲ್ಲಿರಲಿ



ನಮ್ಮಂಥ ಸಣ್ಣ ಸಹಕಾರ ಸಂಘಗಳ ಕಚೇರಿಗೆ ಕಂಪ್ಯೂಟರ್ ಬಂದು ಬಹಳ ವರ್ಷಗಳಾದುವು. ತೂಕದ ಚೀಟಿಯಿಂದ ಹಿಡಿದು ಸರ್ವಸದಸ್ಯರ ಸಭೆಯ ನಡಾವಳಿಯವರೆಗೆ ಈಗ ಎಲ್ಲವೂ ಅದರಲ್ಲೇ ಹುಟ್ಟಿ ಅದರಲ್ಲೇ ಉಳಿಯುತ್ತವೆ. ಆದರೆ ಒಂದು ಹಳೆಯ ಕಾಗದ ಬೇಕೆಂದಾಗ ಅದು ಎಲ್ಲಿದೆಯೆಂದು ಕೇಳಿ ನೋಡಿ. ಲೆಕ್ಕಪತ್ರ ಒಬ್ಬ ಗುಮಾಸ್ತರ ಮೇಜಿನ ಯಂತ್ರದಲ್ಲಿ, ಪಹಣಿಯ ಪ್ರತಿ ಇನ್ನೊಬ್ಬರ ಯಂತ್ರದಲ್ಲಿ, ತೋಟದ ಹಾನಿಯ ಚಿತ್ರಗಳು ಯಾರದೋ ಮೊಬೈಲಿನಲ್ಲಿ, ಹಿಂದಿನ ಸಾಲಿನ ಟೆಂಡರ್ ಪಟ್ಟಿ ಡ್ರಾಯರಿನ ಮೂಲೆಯ ಪೆನ್‌ಡ್ರೈವಿನಲ್ಲಿ. ಗುಮಾಸ್ತರು ರಜೆಯಲ್ಲಿದ್ದರೆ ಸದಸ್ಯರು ನಾಳೆ ಬರಬೇಕು. ಅವರು ಕೆಲಸವನ್ನೇ ಬಿಟ್ಟರೆ ಕಡತವೂ ಅವರೊಡನೆಯೇ ಹೋದಂತೆ. ಹೀಗಿರುವಾಗ ಕಡತ ಸಂಘದ್ದೆಂದು ಹೇಗೆ ಹೇಳುವುದು?

ಎಲ್ಲ ಮೇಜುಗಳಿಗೂ ಸಮಾನವಾದ ಒಂದು ಸಂಗ್ರಹ ಕಚೇರಿಯಲ್ಲಿರಬೇಕು, ಅದು ಸಂಘದ ಹೆಸರಿನಲ್ಲೇ ಇರಬೇಕು ಎಂಬುದು ನಮ್ಮ ಅಭಿಪ್ರಾಯ. ಅದಕ್ಕಾಗಿ ಏನು ಕೊಳ್ಳಬೇಕು, ಏನು ಕೊಳ್ಳಬಾರದು, ಕೊಂಡ ಮೇಲೆ ಹೇಗೆ ನಡೆಸಬೇಕು ಎಂಬುದನ್ನು ಸದಸ್ಯರ ಮುಂದಿಡುವುದು ಈ ಲೇಖನದ ಉದ್ದೇಶ. ಕಚೇರಿಯವರು ತಮ್ಮಷ್ಟಕ್ಕೆ ತೀರ್ಮಾನಿಸಿಕೊಳ್ಳಲಿ ಎಂದು ಬಿಡುವ ವಿಷಯ ಇದಲ್ಲ. ಪೆಟ್ಟಿಗೆಯಲ್ಲಿ ಇರುವುದು ನಿಮ್ಮ ತೋಟ, ನಿಮ್ಮ ಸಾಲ, ನಿಮ್ಮ ಮಾಲಿನ ಲೆಕ್ಕ.

ಮೊದಲು ಇದರ ಅಗತ್ಯವನ್ನು ಕುರಿತು ಎರಡು ಮಾತು. ಕಾಫಿ ಬೆಳೆಗಾರರಲ್ಲಿ ಹಿರಿಯರಾದವರಿಗೆ ಪೂಲ್ ಪದ್ಧತಿ ನೆನಪಿದ್ದೀತು. ಮಾಲನ್ನು ಮಂಡಳಿಗೆ ಒಪ್ಪಿಸಿ ರಸೀದಿ ಪಡೆದರೆ ಮುಂದಿನ ಮಾರಾಟದ ಲೆಕ್ಕವೆಲ್ಲ ಮಂಡಳಿಯದು. 1992ರಿಂದ ಹಂತ ಹಂತವಾಗಿ ಸಡಿಲಗೊಂಡ ಆ ಪದ್ಧತಿ 1996ರ ಹೊತ್ತಿಗೆ ಕೊನೆಗೊಂಡಿತು. ಅಂದಿನಿಂದ ಯಾವ ಮಾಲು ಯಾರಿಗೆ ಯಾವ ದರಕ್ಕೆ ಹೋಯಿತೆಂಬ ದಾಖಲೆಯನ್ನು ಕಾಯುವ ಹೊಣೆ ಬೆಳೆಗಾರನದು ಮತ್ತು ಅವನ ಸಂಘದ್ದು. ಈಗ ಅದಕ್ಕೆ ಇನ್ನೊಂದು ಹೊಣೆ ಸೇರುತ್ತಿದೆ. ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಕಾನೂನಿನಂತೆ, ಅಲ್ಲಿಗೆ ಹೋಗುವ ಕಾಫಿ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲವೆಂದು ತೋರಿಸಬೇಕು. ಬೆಳೆದ ಜಾಗದ ಅಕ್ಷಾಂಶ ರೇಖಾಂಶಗಳನ್ನು ಕೊಡಬೇಕು. 4 ಹೆಕ್ಟೇರಿಗಿಂತ ದೊಡ್ಡ ತುಂಡಾದರೆ ಅದರ ಸುತ್ತಳತೆಯ ನಕ್ಷೆಯನ್ನೇ ಕೊಡಬೇಕು. ದಾಖಲೆಯನ್ನು ಐದು ವರ್ಷ ಕಾಪಾಡಬೇಕು. ಈ ಕಾನೂನು ಜಾರಿಯಾಗುವ ದಿನ ಮುಂದೆ ಮುಂದೆ ಹೋಗಿದೆ ಎಂಬುದೇನೋ ನಿಜ. ಆದರೆ ದಿನ ಮುಂದೆ ಹೋದ ಮಾತ್ರಕ್ಕೆ ಕೊಳ್ಳುವವರು ಕೇಳುವುದನ್ನು ಬಿಡುವುದಿಲ್ಲ. ಅಡಿಕೆ ಬೆಳೆಗಾರರಿಗೂ ಹವಾಮಾನ ಆಧಾರಿತ ಬೆಳೆ ವಿಮೆ, ಸಾಲದ ನವೀಕರಣ, ಕೊಳೆರೋಗದ ಪರಿಹಾರದ ಅರ್ಜಿ ಎಂದು ಕಾಗದದ ಕೆಲಸ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದೆ. ಗಡುವಿನ ದಿನ ಪ್ರತಿ ಸಿಗಲಿಲ್ಲವೆಂದರೆ ನಷ್ಟ ಸದಸ್ಯರಿಗೆ.

ಇನ್ನು ಈ ಪೆಟ್ಟಿಗೆ ಏನೆಂಬುದು. ವ್ಯಾಪಾರಿಗಳು ಇದನ್ನು 'ನ್ಯಾಸ್' ಎನ್ನುತ್ತಾರೆ. ದೊಡ್ಡ ನಿಘಂಟಿನಷ್ಟು ಗಾತ್ರದ ಒಂದು ಪೆಟ್ಟಿಗೆ. ಒಳಗೆ ಎರಡೋ ನಾಲ್ಕೋ ಹಾರ್ಡ್‌ಡಿಸ್ಕ್. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಒಂದು ತಂತಿಯ ಮೂಲಕ ಕಚೇರಿಯ ಜಾಲಕ್ಕೆ ಸೇರಿಕೊಂಡು, ಪ್ರತಿಯೊಂದು ಕಂಪ್ಯೂಟರಿಗೂ ತನ್ನದೇ ಇನ್ನೊಂದು ಡ್ರೈವ್ ಎಂಬಂತೆ ಕಾಣಿಸಿಕೊಳ್ಳುತ್ತದೆ. ಯಾರಿಗೆ ಯಾವ ಕಡತ ಕಾಣಬೇಕು, ಯಾರು ತಿದ್ದಬಹುದು, ಯಾರು ಓದಲು ಮಾತ್ರ ಅರ್ಹರು ಎಂಬುದನ್ನು ಅದರಲ್ಲಿ ಗೊತ್ತುಮಾಡಿ ಇಡಬಹುದು. ವಿಷಯ ಇಷ್ಟೇ.

ಇದಕ್ಕೆ ಬರುವ ಆಕ್ಷೇಪಣೆಗಳು ಮುಖ್ಯವಾಗಿ ಮೂರು.

ಪೆನ್‌ಡ್ರೈವ್ ಸಾಲದೇ ಎಂಬುದು ಮೊದಲನೆಯದು. ಸಾಲದು. ಅದು ಕಡತವನ್ನು ಸಾಗಿಸುವ ಚೀಲ, ಇಡುವ ಕಪಾಟಲ್ಲ. ಒಂದೇ ಪಟ್ಟಿಯ ನಾಲ್ಕು ಪ್ರತಿಗಳು ನಾಲ್ಕು ಕಡೆ ಬೆಳೆದು, ಕೊನೆಗೆ ಯಾವುದು ಸರಿಯೆಂದು ಯಾರಿಗೂ ತಿಳಿಯದ ಅವಸ್ಥೆ ಅದರಿಂದಲೇ ಬರುವುದು. ಹೊರಗಿನಿಂದ ವೈರಸ್ ಹೊತ್ತು ತರುವುದೂ ಅದೇ.

ಎಲ್ಲವನ್ನೂ ಇಂಟರ್‌ನೆಟ್ಟಿನಲ್ಲಿ, ಅಂದರೆ 'ಕ್ಲೌಡ್' ಎನ್ನುವಲ್ಲಿ ಇಟ್ಟರಾಯಿತು ಎಂಬುದು ಎರಡನೆಯದು. ಈ ಮಾತಿನಲ್ಲಿ ತಿರುಳಿದೆ. ಯುವಕರು ಹೇಳುತ್ತಾರೆಂದು ತಳ್ಳಿಹಾಕುವಂಥದ್ದಲ್ಲ. ನಗರದಲ್ಲಿ ಕಚೇರಿಯಿದ್ದರೆ ನಾವೂ ಅದನ್ನೇ ಮೊದಲು ಯೋಚಿಸುತ್ತಿದ್ದೆವು. ಆದರೆ ಆಷಾಢದ ಮಳೆಯಲ್ಲಿ ಮರ ಬಿದ್ದು ತಂತಿ ಕಡಿದರೆ ನಮ್ಮ ಕಡೆ ಸಂಪರ್ಕ ಮರಳಲು ಎರಡು ದಿನವೂ ಆದೀತು, ನಾಲ್ಕು ದಿನವೂ ಆದೀತು. ಅಷ್ಟೂ ದಿನ ಕಚೇರಿ ಕೈಕಟ್ಟಿ ಕೂರಲಾಗದು. ಕಟ್ಟಡದೊಳಗಿನ ಜಾಲವಾದರೋ ಇನ್‌ವರ್ಟರ್ ಇದ್ದರೆ ನಡೆಯುತ್ತದೆ. ಇನ್ನೊಂದು ತೊಡಕೂ ಉಂಟು. ಉಚಿತವೆಂದು ಸಿಗುವ ಗೂಗಲ್ ಖಾತೆಯಲ್ಲಿ 15 ಗಿಗಾಬೈಟ್ ಜಾಗ. ಅದೂ ಬಹಳ ಕಡೆ ಯಾರೋ ನೌಕರರ ಸ್ವಂತ ಹೆಸರಿನಲ್ಲಿ, ಅವರ ಸ್ವಂತ ಮೊಬೈಲ್ ಸಂಖ್ಯೆಗೆ ಕಟ್ಟಿಕೊಂಡು ಇರುತ್ತದೆ. ಸಂಘದ ಹಣವನ್ನು ನೌಕರರ ಸ್ವಂತ ಖಾತೆಯಲ್ಲಿಡಲು ನಾವು ಒಪ್ಪುವುದಿಲ್ಲವಷ್ಟೆ. ಕಡತಕ್ಕೂ ಅದೇ ನ್ಯಾಯ. ಆದ್ದರಿಂದ ಕ್ಲೌಡ್ ಬೇಡವೆಂದಲ್ಲ. ಅದು ಮೂರನೆಯ ಪ್ರತಿಗೆ ತಕ್ಕ ಸ್ಥಳ, ಮೊದಲನೆಯದಕ್ಕಲ್ಲ.

ಸರ್ಕಾರವೇ ಕಂಪ್ಯೂಟರೀಕರಣ ಮಾಡಿಕೊಡುತ್ತಿರುವಾಗ ನಮಗೇಕೆ ಖರ್ಚು ಎಂಬುದು ಮೂರನೆಯದು. ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಕಂಪ್ಯೂಟರೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಒಳ್ಳೆಯ ಯೋಜನೆ. ಆದರೆ ಅದು ಪತ್ತಿನ ಸಂಘಗಳ ಸಾಲ ಮತ್ತು ವ್ಯವಹಾರದ ಲೆಕ್ಕಕ್ಕೆ ಮಾಡಿದ್ದು. ಪತ್ರವ್ಯವಹಾರ, ಬಾಡಿಗೆ ಕರಾರು, ಹಳೆಯ ನಡಾವಳಿ ಪುಸ್ತಕದ ಪ್ರತಿ, ತೋಟದ ನಕ್ಷೆ, ಚಿತ್ರ ಇವುಗಳನ್ನು ಯಾರೂ ಬಂದು ಕಾಯುವುದಿಲ್ಲ.

ಅಗತ್ಯ ಒಪ್ಪಿದ ಮೇಲೆ ಕೊಳ್ಳುವ ಪ್ರಶ್ನೆ. ಇಲ್ಲಿ ನಮ್ಮ ಮೊದಲ ಎಚ್ಚರಿಕೆ, ಅಂಗಡಿಗೆ ಹೋಗುವ ಮೊದಲು ಎಣಿಸಿಕೊಳ್ಳಿ ಎಂಬುದು. ಸಾವಿರ ಸದಸ್ಯರಿರುವ ಸಂಘ ಎಂದಿಟ್ಟುಕೊಳ್ಳೋಣ. ಒಬ್ಬೊಬ್ಬರ 40 ಪುಟ ಕಾಗದವನ್ನು ಸ್ಕ್ಯಾನ್ ಮಾಡಿದರೆ, ಪುಟಕ್ಕೆ ಒಂದು ಮೆಗಾಬೈಟ್ ಹಿಡಿದರೂ, 40 ಗಿಗಾಬೈಟ್ ಆಯಿತು. ವರ್ಷಕ್ಕೆ ಮೂರು ಸಾವಿರ ಚಿತ್ರ, ಒಂದೊಂದು ನಾಲ್ಕು ಮೆಗಾಬೈಟ್ ಎಂದರೆ 12 ಗಿಗಾಬೈಟ್. ಹತ್ತು ವರ್ಷಕ್ಕೆ 120. ಲೆಕ್ಕಪತ್ರ, ಪತ್ರವ್ಯವಹಾರ ಎಲ್ಲ ಸೇರಿಸಿದರೂ ಹತ್ತು ವರ್ಷದ ಸಂಸಾರ 300 ಗಿಗಾಬೈಟಿನೊಳಗೆ ಮುಗಿಯುತ್ತದೆ. 2 ಟೆರಾಬೈಟ್ ಧಾರಾಳ. 4 ಟೆರಾಬೈಟ್ ಬೇಕಾದದ್ದಕ್ಕಿಂತ ಹೆಚ್ಚು. 4 ಎಂದು ಬರೆದ ಡಿಸ್ಕನ್ನು ಕಂಪ್ಯೂಟರ್ 3.63 ಎಂದು ತೋರಿಸಿದರೆ ಮೋಸವೆಂದು ಭಾವಿಸಬೇಕಾದುದಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲೂ ಯಂತ್ರ 1,024ರ ಲೆಕ್ಕದಲ್ಲೂ ಎಣಿಸುವುದರಿಂದ ಬರುವ ವ್ಯತ್ಯಾಸ ಅದು.

ಈ ಎಣಿಕೆಯನ್ನು ಕೆಡಿಸುವುದು ಉಗ್ರಾಣದ ಕ್ಯಾಮೆರಾ. ಸೆಕೆಂಡಿಗೆ 2 ಮೆಗಾಬಿಟ್ ಹರಿಸುವ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21 ಗಿಗಾಬೈಟ್ ತುಂಬುತ್ತದೆ. ನಾಲ್ಕು ಕ್ಯಾಮೆರಾಗಳ ಒಂದು ತಿಂಗಳ ಚಿತ್ರಕ್ಕೆ ಎರಡೂವರೆ ಟೆರಾಬೈಟಿಗೂ ಮಿಕ್ಕಿ ಜಾಗ ಬೇಕು. ಹತ್ತು ವರ್ಷದ ಕಡತಕ್ಕಿಂತ ಒಂದು ತಿಂಗಳ ಕಾವಲು ದೊಡ್ಡದು! ಕ್ಯಾಮೆರಾಕ್ಕೆ ಅದರದೇ ಯಂತ್ರ ಬೇರೆ ಇರಲಿ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಬೆರೆಸುವುದು ಬೇಡ. ಹಾಗೆಯೇ ಕಪಾಟಿನೆತ್ತರದ ಸರ್ವರ್ ಬೇಕೆಂದು ಯಾರಾದರೂ ದರಪಟ್ಟಿ ತಂದರೆ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಆಡಳಿತ ಮಂಡಳಿ ನೆನೆಯಬೇಕು. ಐದಾರು ಮೇಜಿನ ಕಚೇರಿಗೆ ಎರಡು ಡಿಸ್ಕಿನ ಪೆಟ್ಟಿಗೆ ಸಾಕು.

ಎರಡು ಡಿಸ್ಕ್ ಏಕೆಂದರೆ, ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಮೂಡುವಂತೆ ಮಾಡಬಹುದು. ಒಂದು ಕೆಟ್ಟರೆ ಕೆಲಸ ನಿಲ್ಲದು; ಕೆಟ್ಟದ್ದನ್ನು ತೆಗೆದು ಹೊಸದನ್ನು ಹಾಕಿದರೆ ಮತ್ತೆ ಜೋಡಿಯಾಗುತ್ತದೆ. ಈ ವಿದ್ಯೆಗೆ 'ರೈಡ್' ಎಂದು ಹೆಸರು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಸ್ ಎಂಬ ಮೂವರು 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಆ ಹೆಸರು ಬಳಕೆಗೆ ಬಂತು. ಡಿಸ್ಕ್ ಕೊಳ್ಳುವಾಗ ಮೇಜಿನ ಕಂಪ್ಯೂಟರಿಗೆ ಮಾಡಿದ ಅಗ್ಗದ ಡಿಸ್ಕ್ ಬೇಡ. ಹಗಲಿರುಳು ಓಡಲು ಮಾಡಿದ್ದನ್ನೇ ಕೇಳಬೇಕು. ಸಾಲುಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ 'ಎಸ್.ಎಂ.ಆರ್.' ಜಾತಿಯ ಡಿಸ್ಕ್ ಇಂಥ ಜೋಡಿಗೆ ಒಗ್ಗುವುದಿಲ್ಲ, 'ಸಿ.ಎಂ.ಆರ್.' ಆಗಿರಬೇಕು. ಈ ಪೆಟ್ಟಿಗೆಗೆಂದೇ ಮಾರುತ್ತಿದ್ದ ಕೆಲವು ಡಿಸ್ಕುಗಳು ಎಸ್.ಎಂ.ಆರ್. ಎಂಬುದು 2020ರಲ್ಲಿ ಬಯಲಾಗಿ ದೊಡ್ಡ ಗದ್ದಲವೇ ಆಯಿತು. ಆದ್ದರಿಂದ ಬಿಲ್ಲಿನಲ್ಲಿ ಮಾದರಿ ಸಂಖ್ಯೆಯನ್ನು ಬರೆಯಿಸಿಕೊಳ್ಳುವುದು ಕ್ಷೇಮ. ಎರಡು ಡಿಸ್ಕುಗಳೂ ಒಂದೇ ದಿನ ಒಂದೇ ಗಂಟಿನಿಂದ ಬಂದವಾದರೆ ಒಟ್ಟಿಗೇ ಮುದಿಯಾಗುವ ಸಂಭವವುಂಟು; ಬೇರೆ ಬೇರೆ ಕಡೆಯಿಂದ ತರುವುದು ಲೇಸು.

ಬೆಲೆಗಳು ತಿಂಗಳು ತಿಂಗಳಿಗೂ ಬದಲಾಗುವುದರಿಂದ ಇಲ್ಲಿ ಅಂಕಿ ಕೊಡುವುದಿಲ್ಲ. ಮೂರು ಕಡೆಯಿಂದ ದರಪಟ್ಟಿ ತರಿಸಿ, ಪೆಟ್ಟಿಗೆ, ಡಿಸ್ಕ್, ಯು.ಪಿ.ಎಸ್., ತಂತಿಯ ಕೆಲಸ, ಹೊರಗಿನ ಪ್ರತಿಯ ಡಿಸ್ಕ್ ಇವುಗಳನ್ನು ಬೇರೆ ಬೇರೆಯಾಗಿ ನಮೂದಿಸಲು ಹೇಳಬೇಕು. ಒಟ್ಟು ಮೊತ್ತದ ದರಪಟ್ಟಿಯಲ್ಲಿ ಕೊನೆಯ ಮೂರೂ ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ನಮ್ಮ ಕಡೆಯ ಕಚೇರಿಗೆ ಪೆಟ್ಟಿಗೆಯಷ್ಟೇ ಮುಖ್ಯವಾದುವು ಅವೇ.

ತಂತಿಯ ವಿಷಯ ನೋಡಿ. ಹಳೆಯ 100 ಮೆಗಾಬಿಟ್ಟಿನ ಸ್ವಿಚ್ಚಿನಲ್ಲಿ 40 ಗಿಗಾಬೈಟ್ ಸಾಗಿಸಲು ಸುಮಾರು ಒಂದು ಗಂಟೆ ಬೇಕು. ಅದನ್ನೇ ಗಿಗಾಬಿಟ್ ಸ್ವಿಚ್ ಆರೇಳು ನಿಮಿಷದಲ್ಲಿ ಮುಗಿಸುತ್ತದೆ. ಸ್ವಿಚ್ಚಿಗೆ ತಗಲುವುದು ಅಲ್ಪ. ಅದರಲ್ಲಿ ಉಳಿಸಲು ಹೋಗಬಾರದು. ಪೆಟ್ಟಿಗೆಗೂ ಮೇಜಿನ ಯಂತ್ರಗಳಿಗೂ ತಂತಿಯೇ ಇರಲಿ. ವೈಫೈ ಮೊಬೈಲಿಗೆ ಸಾಕು. ಉಗ್ರಾಣ ಬೇರೆ ಕಟ್ಟಡದಲ್ಲಿದ್ದರೆ ಅಲ್ಲಿಗೆ ತಾಮ್ರದ ತಂತಿ ಎಳೆಯಬಾರದು. ಚೈತ್ರ ವೈಶಾಖದ ಗುಡುಗು ಮಳೆಯಲ್ಲಿ ಮಿಂಚು ಹೊಡೆದರೆ ಅದೇ ತಂತಿಯ ಮೂಲಕ ಕಚೇರಿಯ ಯಂತ್ರಗಳೆಲ್ಲ ಸುಡಬಹುದು. ಗಾಜಿನ ಎಳೆಯ ಫೈಬರ್ ತಂತಿ ವಿದ್ಯುತ್ತನ್ನು ಒಯ್ಯುವುದಿಲ್ಲ. ಕಟ್ಟಡದಿಂದ ಕಟ್ಟಡಕ್ಕೆ ಅದೇ ಸರಿ. ಅರ್ಥಿಂಗ್ ಸರಿಯಿದೆಯೇ ಎಂದು ಬೇಸಿಗೆಯಲ್ಲೇ ಪರೀಕ್ಷಿಸಿಡಬೇಕು.

ಯು.ಪಿ.ಎಸ್. ಇಲ್ಲದೆ ಈ ಪೆಟ್ಟಿಗೆಯನ್ನು ಒಂದು ದಿನವೂ ನಡೆಸಕೂಡದು. ಬರೆಯುತ್ತಿರುವಾಗ ವಿದ್ಯುತ್ ಕಡಿದುಹೋದರೆ ಕಡತ ಅರ್ಧಕ್ಕೇ ನಿಂತು ಕೆಡುತ್ತದೆ. ಒಂದು ಯು.ಎಸ್.ಬಿ. ತಂತಿಯಿಂದ ಪೆಟ್ಟಿಗೆಗೆ ಸೇರಿಸಬಹುದಾದ ಯು.ಪಿ.ಎಸ್. ಸಿಗುತ್ತದೆ. ಬ್ಯಾಟರಿ ಇಳಿಯುತ್ತ ಬಂದಾಗ ಅದು ತಿಳಿಸುತ್ತದೆ. ಪೆಟ್ಟಿಗೆ ಕ್ರಮವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಯು.ಪಿ.ಎಸ್. ಕೊಳ್ಳುವಾಗ ಈ ಸೌಕರ್ಯವಿದೆಯೇ ಎಂದು ಕೇಳಿ, ನಮ್ಮ ಪೆಟ್ಟಿಗೆಗೆ ಹೊಂದುವುದೇ ಎಂದು ನೋಡಿಕೊಳ್ಳಬೇಕು. ಇಡುವ ಜಾಗವೂ ಮುಖ್ಯ. ಅಡಿಕೆ ಸಿಪ್ಪೆಯ ದೂಳು ಬರುವ ಕಿಟಕಿಯ ಪಕ್ಕ, ಮಳೆಗಾಲದಲ್ಲಿ ಬೆವರುವ ಗೋಡೆಯ ಮಗ್ಗುಲು, ನೆಲದ ಮೇಲೆ ಇವು ಯಾವುವೂ ಬೇಡ. ಗಾಳಿಯಾಡುವ, ಎತ್ತರದ, ಬೀಗವಿರುವ ಸ್ಥಳ ಬೇಕು. ಇರುವೆ ಗೂಡು ಕಟ್ಟದಂತೆ ತಿಂಗಳಿಗೊಮ್ಮೆ ನೋಡಬೇಕು.

ಇನ್ನು ನಡೆಸುವ ಕ್ರಮ. ವಿಭಾಗಕ್ಕೊಂದರಂತೆ ಕಡತದ ಮನೆಗಳನ್ನು ಮೊದಲೇ ಗೊತ್ತುಮಾಡಿ: ಸದಸ್ಯತ್ವ, ಸಾಲ, ಮಾರಾಟ, ಉಗ್ರಾಣ, ನಡಾವಳಿ, ಲೆಕ್ಕ ಪರಿಶೋಧನೆ. ಹೆಸರಿಡುವುದಕ್ಕೆ ಒಂದೇ ಕ್ರಮವಿರಲಿ: ಮೊದಲು ವರ್ಷ, ಆಮೇಲೆ ಸದಸ್ಯತ್ವ ಸಂಖ್ಯೆ, ಆಮೇಲೆ ವಿಷಯ. 'ಹೊಸದು', 'ಹೊಸದು ಎರಡು', 'ಕೊನೆಯದು' ಎಂಬ ಹೆಸರುಗಳು ಬಂದರೆ ಪೆಟ್ಟಿಗೆ ಬೇಗನೆ ಹಳೆಯ ಡ್ರಾಯರ್ ಆಗುತ್ತದೆ. ಪ್ರತಿಯೊಬ್ಬ ನೌಕರರಿಗೂ ಅವರದೇ ಹೆಸರು, ಅವರದೇ ಗುಪ್ತಪದ. ಎಲ್ಲರೂ ಒಂದೇ ಗುಪ್ತಪದ ಬಳಸಿದರೆ ತಿದ್ದಿದವರು ಯಾರೆಂದು ಎಂದಿಗೂ ತಿಳಿಯದು. ಸಾಲ ವಿಭಾಗದ ಕಡತ ಉಗ್ರಾಣದವರಿಗೆ ಕಾಣಬೇಕಾಗಿಲ್ಲ. ಸದಸ್ಯರ ಆಧಾರ್ ಪ್ರತಿ, ಬ್ಯಾಂಕ್ ಖಾತೆ ಸಂಖ್ಯೆ ಇವುಗಳನ್ನು ಇಟ್ಟುಕೊಂಡವರು ತಕ್ಕ ಭದ್ರತೆಯನ್ನು ಮಾಡಲೇಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಹೇಳುತ್ತದೆ. ಲೆಕ್ಕದ ತಂತ್ರಾಂಶ ಮಾತ್ರ ಅದರ ಯಂತ್ರದಲ್ಲೇ ನಡೆಯಲಿ. ಪ್ರತಿದಿನ ಸಂಜೆ ಅದನ್ನು ಮುಚ್ಚಿ, ಅದರದೇ ಬ್ಯಾಕಪ್ಪನ್ನು ಪೆಟ್ಟಿಗೆಗೆ ಹಾಕುವುದು ಸುರಕ್ಷಿತ ಮಾರ್ಗ.

ಪೆಟ್ಟಿಗೆಯನ್ನು ಮನೆಯಿಂದಲೂ ನೋಡಬಹುದೆಂದು ವ್ಯಾಪಾರಿಗಳು ಹೆಮ್ಮೆಯಿಂದ ಹೇಳುತ್ತಾರೆ. ಆ ಬಾಗಿಲನ್ನು ತೆರೆಯಬೇಡಿ. 2022ರ ಜನವರಿಯಲ್ಲಿ 'ಡೆಡ್‌ಬೋಲ್ಟ್' ಎಂಬ ಸುಲಿಗೆ ತಂತ್ರಾಂಶ ಇಂಟರ್‌ನೆಟ್ಟಿಗೆ ನೇರ ತೆರೆದುಕೊಂಡಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ನುಗ್ಗಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. 2017ರ ಮೇ ತಿಂಗಳಿನ 'ವಾನಾಕ್ರೈ' ಹರಡಿದ್ದು ಕಡತ ಹಂಚಿಕೊಳ್ಳುವ ಹಳೆಯ ಪದ್ಧತಿಯಾದ 'ಎಸ್.ಎಂ.ಬಿ. 1'ರ ಬಿರುಕಿನಿಂದ. ಅದಕ್ಕೆ ಮದ್ದನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ಬಿಡುಗಡೆ ಮಾಡಿತ್ತು, ಹಾಕಿಕೊಳ್ಳದವರು ಕೆಟ್ಟರು. ಕೊಳೆ ಬಂದ ಮೇಲೆ ಬೋರ್ಡೋ ಹೊಡೆದಂತೆ. ಇದೆಲ್ಲ ದೊಡ್ಡವರ ಗೊಡವೆ ಎನ್ನುವವರು 2024ರ ಜುಲೈ ಕೊನೆಯ ದಿನಗಳನ್ನು ನೆನೆಯಲಿ. ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳಿಗೆ ಕಂಪ್ಯೂಟರ್ ಸೇವೆ ಕೊಡುವ ಸಂಸ್ಥೆಯೊಂದು ಇಂಥದೇ ದಾಳಿಗೆ ಸಿಕ್ಕಿ, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಹಣ ಪಾವತಿಯ ಸೇವೆ ಕೆಲಕಾಲ ನಿಂತುಹೋಯಿತು.

ಈ ಲೇಖನದಲ್ಲಿ ಸದಸ್ಯರು ಒಂದೇ ಮಾತನ್ನು ನೆನಪಿಡುವುದಾದರೆ ಅದು ಇದು: ಪೆಟ್ಟಿಗೆಯೊಳಗಿನ ಜೋಡಿ ಡಿಸ್ಕ್ ಬ್ಯಾಕಪ್ ಅಲ್ಲ. ಒಂದೇ ಉಗ್ರಾಣದಲ್ಲಿ ಎರಡು ಮೂಟೆ ಇಟ್ಟಂತೆ ಅದು. ಒಂದು ಮೂಟೆಗೆ ಹುಳು ಬಿದ್ದರೆ ಇನ್ನೊಂದು ಉಳಿದೀತು. ಉಗ್ರಾಣಕ್ಕೇ ಬೆಂಕಿ ಬಿದ್ದರೆ ಎರಡೂ ಇಲ್ಲ. ಯಾರೋ ತಪ್ಪಿ ಒಂದು ಕಡತವನ್ನು ಅಳಿಸಿದರೆ ಆ ಕ್ಷಣವೇ ಎರಡರಲ್ಲೂ ಅಳಿಯುತ್ತದೆ. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು ಪ್ರಚಾರಕ್ಕೆ ತಂದ ಸೂತ್ರವೊಂದಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲೋ ಬೇರೆ ಕಟ್ಟಡದಲ್ಲೋ. ನಮ್ಮ ಮಟ್ಟಕ್ಕೆ ಅದನ್ನು ಹೀಗೆ ಹೊಂದಿಸಬಹುದು. ಎರಡು ಹೊರಡಿಸ್ಕ್ ಕೊಂಡು, ವಾರ ಬಿಟ್ಟು ವಾರ ಒಂದೊಂದಕ್ಕೆ ಪ್ರತಿ ಮಾಡಿ, ಮಾಡಿದ ಕೂಡಲೇ ಬಿಚ್ಚಿ, ಒಂದು ಸದಾ ಬ್ಯಾಂಕಿನ ಲಾಕರಿನಲ್ಲೋ ಶಾಖೆಯ ತಿಜೋರಿಯಲ್ಲೋ ಇರುವಂತೆ ನೋಡಿಕೊಳ್ಳುವುದು. ಸದಾ ಸಿಕ್ಕಿಸಿಯೇ ಇಟ್ಟ ಡಿಸ್ಕಿಗೆ ಸುಲಿಗೆ ತಂತ್ರಾಂಶವೂ ಕೈಹಾಕುತ್ತದೆ, ಬಿಚ್ಚಿಟ್ಟದ್ದಕ್ಕೆ ಹಾಕಲಾರದು. ಅತಿ ಮುಖ್ಯವಾದವುಗಳ ಪ್ರತಿ, ಗುಪ್ತಲಿಪಿಗೊಳಿಸಿ, ಸಂಘದ ಹೆಸರಿನ ಕ್ಲೌಡ್ ಖಾತೆಯಲ್ಲೂ ಇರಲಿ.

ಪ್ರತಿ ಮಾಡಿದ್ದೇವೆಂಬ ನಂಬಿಕೆಯೊಂದೇ ಸಾಲದು. ಮೂಟೆಗೆ ಚುಚ್ಚಿ ನಾಲ್ಕು ಅಡಿಕೆ ತೆಗೆದು ನೋಡದೆ ಯಾವ ವ್ಯಾಪಾರಿಯೂ ದರ ಕೂಗುವುದಿಲ್ಲ. ಮೂರು ತಿಂಗಳಿಗೊಮ್ಮೆ, ಕಣ್ಣುಮುಚ್ಚಿ ಒಂದು ಸದಸ್ಯತ್ವ ಸಂಖ್ಯೆಯನ್ನು ಆರಿಸಿ, ಹೊರಡಿಸ್ಕಿನಿಂದ ಅವರ ಕಡತವನ್ನು ತೆಗೆದು, ಮೂಲ ಕಾಗದದೊಡನೆ ಹೋಲಿಸಿ, ಫಲಿತಾಂಶವನ್ನು ನಡಾವಳಿಯಲ್ಲಿ ಬರೆಯಬೇಕು. ಸಹಿ ಇರುವ ಮೂಲ ಕಾಗದವನ್ನು, ಸ್ಕ್ಯಾನ್ ಆಯಿತೆಂದು, ಎಸೆಯುವ ಮಾತಂತೂ ಬೇಡವೇ ಬೇಡ.

ಕೊನೆಯದಾಗಿ ಒಡೆತನದ ಪ್ರಶ್ನೆ. ಪೆಟ್ಟಿಗೆಯ ಮೇಲಧಿಕಾರದ ಗುಪ್ತಪದ ಕೂರಿಸಿಕೊಟ್ಟ ವ್ಯಾಪಾರಿಯ ಬಳಿಯಷ್ಟೇ ಇದ್ದರೆ, ಕೊಂಡದ್ದು ಸಂಘ, ಒಡೆಯ ಅವನು. ಒಬ್ಬ ಗುಮಾಸ್ತರ ತಲೆಯಲ್ಲಷ್ಟೇ ಇದ್ದರೂ ಅದೇ ಕಥೆ. ಅದನ್ನು ಬರೆದು, ಲಕೋಟೆಯಲ್ಲಿಟ್ಟು, ಅರಗು ಹಾಕಿ, ಅಧ್ಯಕ್ಷರ ಮತ್ತು ಕಾರ್ಯದರ್ಶಿಯ ಸಹಿಯೊಡನೆ ತಿಜೋರಿಯಲ್ಲಿಡಬೇಕು. ಕಾರ್ಯದರ್ಶಿ ಬದಲಾದಾಗ ನಗದು, ದಾಸ್ತಾನುಗಳ ಜೊತೆಗೆ ಇದೂ ಹಸ್ತಾಂತರದ ಪಟ್ಟಿಯಲ್ಲಿ ಸೇರಬೇಕು. ದಿನನಿತ್ಯದ ಹೊಣೆಯನ್ನು ಹೆಸರು ಹೇಳಿ ಒಬ್ಬ ನೌಕರರಿಗೆ ವಹಿಸಬೇಕು. ಅವರಿಲ್ಲದಾಗ ಯಾರು ಎಂಬುದನ್ನೂ ಗೊತ್ತುಮಾಡಬೇಕು. ಎಲ್ಲರ ಹೊಣೆ ಎಂದರೆ ಯಾರ ಹೊಣೆಯೂ ಅಲ್ಲ.

ಖರ್ಚಿನ ಮಾತು ಬಂದಾಗ ನಾವು ಹೇಳುವುದಿಷ್ಟೆ. ಪೆಟ್ಟಿಗೆ ಸಣ್ಣದಾದರೂ ಚಿಂತೆಯಿಲ್ಲ. ಹೊರಗಿನ ಪ್ರತಿ ಮತ್ತು ಯು.ಪಿ.ಎಸ್. ತಪ್ಪಬಾರದು. ಹಣ ಮೂರಕ್ಕೂ ಸಾಲದಿದ್ದರೆ ಪೆಟ್ಟಿಗೆಯನ್ನು ಮುಂದಿನ ವರ್ಷಕ್ಕೆ ಬಿಟ್ಟು ಹೊರಡಿಸ್ಕನ್ನು ಈ ವರ್ಷವೇ ಕೊಳ್ಳಿ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯಂತೆ ವರ್ಷ ವರ್ಷವೂ ಲೆಕ್ಕ ಪರಿಶೋಧಕರ ಮುಂದೆ ದಾಖಲೆ ಇಡಬೇಕಾದವರು ನಾವು. ಯಂತ್ರ ಕೆಟ್ಟಿತೆಂಬ ಸಮಾಧಾನವನ್ನು ಪರಿಶೋಧಕರು ಒಪ್ಪಿಯಾರು. ತನ್ನ ಮಾಲಿನ ತೂಕದ ದಾಖಲೆ ಕಳೆದುಕೊಂಡ ಸದಸ್ಯ ಒಪ್ಪಲಾರ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಈ ಬಗ್ಗೆ ತಿಳಿದ ಸದಸ್ಯರು, ವಿಶೇಷವಾಗಿ ಹೊರಗೆ ಇಂಥ ಕೆಲಸದಲ್ಲಿದ್ದು ಈಗ ತೋಟಕ್ಕೆ ಮರಳಿರುವ ಯುವಕ ಯುವತಿಯರು, ತಮ್ಮ ಸಲಹೆಗಳನ್ನು ಲಿಖಿತವಾಗಿ ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ. ವಿರೋಧವಿದ್ದರೆ ಅದನ್ನೂ ಬರೆಯಿರಿ. ಖರೀದಿಯ ವಿಷಯ ಆಡಳಿತ ಮಂಡಳಿಯ ಮುಂದೆ ಬರುವಾಗ ಎಲ್ಲವನ್ನೂ ಜೊತೆಗೇ ಇಡುತ್ತೇವೆ.